ಒದ್ದೆ ಟವೆಲ್ಲು ಮತ್ತು ಪಲ್ಟಿ ಬಿಂದು

ಶಹಾಪುರದಲ್ಲಿ ಚನ್ನಯ್ಯ ಹಿರೇಮಠರ ಮನೆ ಯಾವುದೆಂದು ಕೇಳಿದರೆ ಜನ ಕರಿಹಲಗೆ ಇರುವ ಮನೆ ಎನ್ನುತ್ತಾರೆ. ಬೇರೆಯವರು ಹಿರಿಯರ ಫೋಟೊ ಹಾಕುವ ಗೋಡೆಯ ಮೇಲೆ ಇವರು ಕರಿಹಲಗೆ ತೂಗುಹಾಕಿದ್ದಾರೆ. ಪಿಯು ಕಾಲೇಜಿನಲ್ಲಿ ಗಣಿತ ಕಲಿಸಿ ನಿವೃತ್ತರಾದ ದಿನ ಕಾಲೇಜಿನವರು ಶಾಲು ಹೊದಿಸಿ, ಹಾರ ಹಾಕಿ, ಇನ್ನೇನಾದರೂ ಬೇಕೇ ಸರ್ ಎಂದು ಮಾತಿಗೆ ಕೇಳಿದರು. ಮಾತಿಗೆ ಕೇಳಿದ್ದನ್ನು ಮಾತಿಗೆ ಎಂದು ತಿಳಿಯುವ ಬುದ್ಧಿ ಗಣಿತದವರಿಗೆ ಎಲ್ಲಿಂದ ಬರಬೇಕು? ಆ ಹಳೇ ಹಲಗೆ ಕೊಡ್ರಿ ಎಂದರು. ಟಂಟಂ ಆಟೊದ ಮೇಲೆ ಕಟ್ಟಿಕೊಂಡು ಮನೆಗೂ ತಂದರು.

ಹುಟ್ಟಿದ್ದು ಗೋಗಿಯಲ್ಲಿ, ಓದಿದ್ದು ಕಲಬುರಗಿಯಲ್ಲಿ. ಆಮೇಲೆ ಆಯುಷ್ಯವೆಲ್ಲ ಶಹಾಪುರದ ಹುಡುಗರಿಗೆ ಕಲನಶಾಸ್ತ್ರ ಕಲಿಸಿದ್ದು. ಆ ಹುಡುಗರಲ್ಲಿ ಅರ್ಧ ಜನ ಈಗ ಗೊಬ್ಬರದ ಅಂಗಡಿ ಇಟ್ಟಿದ್ದಾರೆ, ಉಳಿದವರು ಟ್ರ್ಯಾಕ್ಟರ್ ಓಡಿಸುತ್ತಾರೆ. ದಾರಿಯಲ್ಲಿ ಸಿಕ್ಕರೆ ಎಲ್ಲರದೂ ಒಂದೇ ಮಾತು, ‘ಸರ್, ನೀವು ಕಲಿಸಿದ್ದು ಇನ್ನೂ ನೆನಪದ್ರಿ.’ ಹಸಿ ಸುಳ್ಳು. ಚನ್ನಯ್ಯನವರು ಮಾತ್ರ ಪ್ರತಿ ಸಲವೂ ನಂಬಿ, ಖುಷಿಯಿಂದ ಮನೆಗೆ ಬಂದು ಹೆಂಡತಿಗೆ ಹೇಳುತ್ತಿದ್ದರು.

ಹೆಂಡತಿ ಸೂಗಮ್ಮ ಕೆಂಭಾವಿಯ ಹೆಣ್ಣುಮಗಳು. ಮಾತು ಕಡಿಮೆ, ಕೆಲಸ ಜಾಸ್ತಿ. ಗಂಡ ಕಾಲೇಜಿಗೆ ಹೋದ ಮೇಲೆ ಸಂಜೆಯವರೆಗೆ ಮನೆ ಆಕೆಯದೇ ಆಗಿತ್ತು. ಈಗ ನಿವೃತ್ತನಾದ ಗಂಡಸೊಬ್ಬ ಪಡಸಾಲೆಯ ನಟ್ಟನಡುವೆ ಖುರ್ಚಿ ಹಾಕಿಕೊಂಡು ಕುಳಿತು, ಆಕೆ ಕಸ ಗುಡಿಸುವಾಗ ಕಾಲೆತ್ತುವುದನ್ನೂ ಮರೆತು, ‘ಈ ರೊಟ್ಟಿ ಬರಾಬರಿ ವೃತ್ತ ಅಲ್ಲ ನೋಡು’ ಎನ್ನತೊಡಗಿದ. ಯಾದಗಿರಿಯಲ್ಲಿ ನೌಕರಿ ಮಾಡುವ ಮಗಳು ಉಮಾಶ್ರೀ ಒಮ್ಮೆ ಬಂದವಳು ಅವ್ವನ ಮುಖ ನೋಡಿದಳು. ಅಪ್ಪನ ಫೋನಿನಲ್ಲಿ ಒಂದು ಪಾಠಮಾಲೆ ಹಾಕಿಕೊಟ್ಟು, ‘ಇದನ್ನ ನೋಡ್ರಿ ಅಪ್ಪಾ, ಹವಾಮಾನದ ಗಣಿತ ಅದ. ಮುಗಿಯಾಕ ಭಾಳ ದಿನ ಹಿಡಿತದ’ ಎಂದಳು. ಅವ್ವನಿಗೆ ಸ್ವಲ್ಪ ಪುರಸೊತ್ತು ಸಿಗಲಿ ಎಂಬುದು ಅವಳ ಲೆಕ್ಕ. ಒಳ್ಳೆಯದು ಮಾಡಲು ಹೋಗಿ ಮನೆಗೆ ಬೆಂಕಿ ಇಡುವವರು ಹೀಗೇ ಶುರುಮಾಡುತ್ತಾರೆ.

ಪಾಠ ಇದ್ದದ್ದು ಟಿಪ್ಪಿಂಗ್ ಪಾಯಿಂಟ್ ಬಗ್ಗೆ. ಚನ್ನಯ್ಯನವರು ಅದಕ್ಕೆ ಪಲ್ಟಿ ಬಿಂದು ಎಂದು ಹೆಸರಿಟ್ಟರು. ನಮ್ಮ ಕಡೆ ಕಬ್ಬಿನ ಟ್ರ್ಯಾಕ್ಟರಿನಿಂದ ಹಿಡಿದು ಸರಕಾರದವರೆಗೆ ಎಲ್ಲವೂ ಪಲ್ಟಿಯೇ ಹೊಡೆಯುವುದರಿಂದ ಆ ಹೆಸರು ಸರಿಯಾಗಿಯೇ ಕೂತಿತು. ಅರ್ಥ ಮಾಡಿಸಲು ಸೂಗಮ್ಮನ ಅಡುಗೆಮನೆಗೇ ನುಗ್ಗಿದರು. ಕಡಾಯಿಯಲ್ಲಿ ಒಂದು ನಿಂಬೆಹಣ್ಣು ಇಟ್ಟು ಅಲ್ಲಾಡಿಸಿದರು.

‘ನೋಡು, ಎಷ್ಟು ನೂಕಿದರೂ ಹಣ್ಣು ತಳಕ್ಕ ಬಂದು ಕುಂದರ್ತದ. ಇದು ಈಗಿನ ಹವಾಮಾನ. ಒಂದು ವರ್ಷ ಬಿಸಿಲು ಹೆಚ್ಚು, ಒಂದು ವರ್ಷ ಮಳಿ ಹೆಚ್ಚು, ಮತ್ತ ಮೊದಲಿನ ಜಾಗಕ್ಕ ಬರ್ತದ.’

‘ಆ ಕಡಾಯಿ ಬೇಕಾಗಿತ್ತು’ ಎಂದಳು ಸೂಗಮ್ಮ.

‘ಕೇಳು. ನಾವು ಹೊಗಿ ಬಿಟ್ಟಷ್ಟೂ ಈ ಕಡಾಯಿ ಚಪ್ಪಟ ಆಗ್ತಾ ಹೋಗ್ತದ.’ ಈಗ ಹಣ್ಣನ್ನು ಹಿಟ್ಟು ನಾದುವ ಅಗಲ ಪರಾತದಲ್ಲಿ ಇಟ್ಟು ನೂಕಿದರು. ಅದು ಉರುಳಿ, ತೂಗಾಡಿ, ಬಹಳ ಹೊತ್ತಿನ ಮೇಲೆ ನಿಂತಿತು. ‘ಹಣ್ಣು ಇನ್ನೂ ತಿರುಗಿ ಬರ್ತದ, ಆದ್ರ ತಡಾ ಮಾಡಿ ಬರ್ತದ. ಆ ತಡಾನ ಸೂಚನಿ. ಆಮ್ಯಾಲ ಇದು.’ ಹಣ್ಣನ್ನು ಬೋರಲು ಹಾಕಿದ ರೊಟ್ಟಿ ಹಂಚಿನ ಮೇಲೆ ಇಟ್ಟು ಬೆರಳಿನಿಂದ ಮುಟ್ಟಿದರು. ನಿಂಬೆಹಣ್ಣು ಹಂಚು ದಾಟಿ, ಕಟ್ಟೆ ದಾಟಿ, ಮೋರಿಗೆ ಬಿತ್ತು.

ಸೂಗಮ್ಮ ಮೋರಿಯಿಂದ ಹಣ್ಣು ತೆಗೆದು, ತೊಳೆದು, ಕೊಯ್ದು, ಉಪ್ಪಿಟ್ಟಿಗೆ ಹಿಂಡಿದಳು. ಗಂಡನ ಪಾಠ ಆಕೆಗೆ ಚೆನ್ನಾಗಿಯೇ ತಿಳಿದಿತ್ತು ಎಂಬುದು ಯಾರಿಗೂ ಗೊತ್ತಾಗಲಿಲ್ಲ.

ಇಷ್ಟರಲ್ಲಿ ಶಿರವಾಳದಿಂದ ಕರೆ ಬಂತು. ಒಂದು ಕಾಲೇಜಿನ ಹುಡುಗರು ಅಲ್ಲಿ ಶಿಬಿರ ಹಾಕಿದ್ದರು. ಊರಿನವರಿಗೆ ಹವಾಮಾನದ ಬಗ್ಗೆ ನಾಲ್ಕು ಮಾತು ಹೇಳಲು ಬೇಸಿಗೆ ಏರುವ ಮೊದಲು ಬರಬೇಕು ಎಂದರು. ಚನ್ನಯ್ಯನವರಿಗೆ ಚಿಂತೆ ಹತ್ತಿತು. ಪುಸ್ತಕದ ಉದಾಹರಣೆಗಳು ಯಾರಿಗೆ ಬೇಕು? ಬೆಳ್ಳಗಿನ ಹಿಮ ಬಿಸಿಲನ್ನು ತಿರುಗಿ ಕಳಿಸುತ್ತದೆ, ಹಿಮ ಕರಗಿದರೆ ಕೆಳಗಿನ ಕಪ್ಪು ನೀರು ಬಿಸಿಲು ಕುಡಿಯುತ್ತದೆ, ಬಿಸಿಲು ಕುಡಿದಷ್ಟೂ ಇನ್ನಷ್ಟು ಹಿಮ ಕರಗುತ್ತದೆ. ಬರಾಬರಿ ಮಾತೇ. ಆದರೆ ಶಿರವಾಳದವರು ಕಂಡ ಬರ್ಫು ಕಬ್ಬಿನ ಹಾಲಿನ ಬಂಡಿಯಲ್ಲಿ ಗೋಣಿಚೀಲ ಹೊದ್ದು ಮಲಗಿದ್ದು ಮಾತ್ರ. ಟಂಟಂ ಉದಾಹರಣೆ ಕೊಡೋಣವೆಂದರೆ ಅದು ಒಂದೇ ಸಲ ಪಲ್ಟಿ ಆಗುತ್ತದೆ, ಅಳೆಯಲು ಬರುವುದಿಲ್ಲ. ದಿನಾ ಒಂದೇ ತೂಕದ ನೂಕು ಕೊಡಬೇಕು, ಅದು ಸರಿಹೋಗಲು ಎಷ್ಟು ಹೊತ್ತು ಹಿಡಿಯುತ್ತದೆಂದು ನೋಡಬೇಕು. ಅಂಥದ್ದು ಶಹಾಪುರದಲ್ಲಿ ಎಲ್ಲಿ ಸಿಗಬೇಕು ಎಂದು ಯೋಚಿಸುತ್ತ ಸ್ನಾನ ಮಾಡಿ ಬಂದವರು ಒದ್ದೆ ಟವೆಲ್ಲನ್ನು ಹಾಸಿಗೆಯ ಮೇಲೆ ಎಸೆದರು. ಸೂಗಮ್ಮ ಮಡಿಚಿಟ್ಟ ಬಟ್ಟೆಯ ಮೇಲೆ ಅದು ಬಿತ್ತು. ಸೂಗಮ್ಮನಿಗೆ ಸಿಟ್ಟು ಬಂತು.

ಚನ್ನಯ್ಯನವರ ತಲೆಯಲ್ಲಿ ದೀಪ ಹೊತ್ತಿದ್ದು ಆಗ. ಆ ದೀಪವನ್ನು ಯಾರಾದರೂ ಆಗಲೇ ಊದಿ ಆರಿಸಬೇಕಿತ್ತು.

ಸೂಗಮ್ಮನ ಸಿಟ್ಟಿಗೆ ಒಂದು ಗುರುತಿತ್ತು. ಆಕೆ ಕೂಗಾಡುವವಳಲ್ಲ. ಸಿಟ್ಟಿದ್ದರೆ ಚಹಾದ ಕಪ್ಪನ್ನು ಗಂಡನ ಕೈಗೆ ಕೊಡದೆ ಕಿಟಕಿಯ ಕಟ್ಟೆಯ ಮೇಲೆ ಇಟ್ಟು ಹೋಗುತ್ತಿದ್ದಳು. ಸಿಟ್ಟು ಇಳಿದ ಮೇಲೆ ಕಪ್ಪು ಕೈಗೆ ಬರುತ್ತಿತ್ತು. ಇದಕ್ಕಿಂತ ಒಳ್ಳೆಯ ಮಾಪಕ ಯಾವ ಪ್ರಯೋಗಶಾಲೆಯಲ್ಲಿ ಇದ್ದೀತು? ಅಂದಿನಿಂದ ಚನ್ನಯ್ಯನವರು ದಿನಾ ಮುಂಜಾನೆ ಟವೆಲ್ಲನ್ನು ಅದೇ ಜಾಗದಲ್ಲಿ ಎಸೆಯತೊಡಗಿದರು. ನೂಕು ಒಂದೇ ಸಮನಾಗಿರಬೇಕಲ್ಲ, ಅದಕ್ಕೆ ಒಂದೇ ಹದಕ್ಕೆ ಹಿಂಡಿ ಎಸೆಯುತ್ತಿದ್ದರು. ಕಪ್ಪು ಕೈಗೆ ಬಂದ ಹೊತ್ತನ್ನು ಒಂದು ನೋಟುಬುಕ್ಕಿನಲ್ಲಿ ಗುರುತಿಸಿ ಗೆರೆ ಎಳೆಯುತ್ತಿದ್ದರು.

ಮೊದಮೊದಲು ಮುಂಜಾನೆಯ ಚಹಾ ಕಟ್ಟೆಗೆ ಹೋದರೂ ಹತ್ತು ಗಂಟೆಯದು ಕೈಗೆ ಬಂತು. ಕೆಲವು ದಿನಗಳಲ್ಲಿ ಹತ್ತರದ್ದು ಕಟ್ಟೆಗೆ ಹೋಯಿತು, ಸಂಜೆಯದು ಮಾತ್ರ ಕೈಗೆ ಬಂತು. ಮುಂದೆ ಸಂಜೆಯದೂ ಕಟ್ಟೆಗೇ ಹೋಯಿತು. ‘ಅದನ್ನ ಹಗ್ಗದ ಮ್ಯಾಲ ಹಾಕಾಕ ಏನು ಧಾಡಿ ಆಗೇದ ನಿಮಗ?’ ಎಂದು ಆಕೆ ಒಂದು ದಿನ ಕೇಳಿದಳು. ಚನ್ನಯ್ಯನವರು ಉತ್ತರ ಕೊಡಲಿಲ್ಲ. ಉತ್ತರ ಕೊಟ್ಟರೆ ಅಳತೆ ಕೆಡುತ್ತದೆ. ಬದಲಿಗೆ ಹಿತ್ತಿಲಿಗೆ ಹೋಗಿ ಮಗಳಿಗೆ ಫೋನು ಹಚ್ಚಿ ಟವೆಲ್ಲಿನ ಕಥೆಯೆಲ್ಲ ಹೇಳಿದರು. ದನಿಯಲ್ಲಿ ಗೆದ್ದವರ ಸಡಗರವಿತ್ತು.

‘ಉಮಾ, ಸಿದ್ಧಾಂತ ಖರೇ ಅದವಾ. ನಿಮ್ಮವ್ವ ಸುಧಾರಿಸ್ಕೊಳ್ಳಾಕ ದಿನಾ ತಡಾ ಮಾಡಾಕತ್ತಾಳ. ಪಲ್ಟಿ ಬಿಂದು ಹತ್ತರ ಬಂದದ.’

‘ಅಪ್ಪಾ, ಮೊದಲು ಟವೆಲ್ ಹಗ್ಗಕ್ಕ ಹಾಕ್ರಿ.’

‘ನಡುವ ಬಿಟ್ಟರ ಗೆರಿ ಅರ್ಧ ಆಗ್ತದ.’

‘ಅವ್ವಗ ಏನರೆ ಆದ್ರ?’

‘ಅದನ್ನೇ ನೋಡಾಕತ್ತೇನಲ್ಲ ನಾನು’ ಎಂದರು ಚನ್ನಯ್ಯನವರು.

ಮಗಳು ಫೋನು ಇಟ್ಟಳು. ಹೆಂಡತಿಯ ಮೇಲೆ ಪ್ರೀತಿ ಇಲ್ಲದ ಮನುಷ್ಯನೆಂದು ತಿಳಿಯಬೇಡಿ. ಆಕೆಗೆ ಒಂದು ದಿನ ತಲೆನೋವಾದರೆ ಇವರು ಎರಡು ಸಲ ದವಾಖಾನೆಗೆ ಓಡುತ್ತಿದ್ದರು. ಆದರೆ ಕಣ್ಣೆದುರಿಗೇ ಒಂದು ಗೆರೆ ಅಷ್ಟು ಚೆಂದ ಏರುತ್ತಿರುವಾಗ ಅದನ್ನು ನಿಲ್ಲಿಸುವ ಶಕ್ತಿ ಅವರಿಗಿರಲಿಲ್ಲ.

ಶಿರವಾಳಕ್ಕೆ ಹೋಗುವ ದಿನ ಸೂಗಮ್ಮ ತಾನೂ ಬರುತ್ತೇನೆಂದಳು. ಇಳಕಲ್ ಸೀರೆ ಉಟ್ಟಳು. ಅಂದು ಮುಂಜಾನೆಯ ಚಹಾ ಕಟ್ಟೆಯ ಮೇಲೆಯೇ ಬಂದಿತ್ತು, ಆದರೂ ಹೊರಟಳು. ಹಳೇ ಗುಡಿಯ ಅಂಗಳದಲ್ಲಿ ಹೆಣ್ಣುಮಕ್ಕಳ ಸಂಘದವರು ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಆಕೆಯೂ ಅವರ ನಡುವೆ ಕುಳಿತು, ಪಕ್ಕದವಳಿಗೆ ಮೆಲ್ಲಗೆ ‘ನಮ್ಮ ಮನಿಯವ್ರು’ ಎಂದಳು. ಅಷ್ಟು ಹೇಳುವಾಗ ಮುಖ ಅರಳಿತ್ತು. ಗಂಡ ನಾಲ್ಕು ಜನರ ಮುಂದೆ ನಿಂತು ಮಾತಾಡುವುದನ್ನು ಆಕೆ ನೋಡಿದ್ದು ಅದೇ ಮೊದಲು.

ಚನ್ನಯ್ಯನವರು ಹಿಮದಿಂದ ಶುರುಮಾಡಿದರು. ಜನ ಆಕಳಿಸಿದರು. ಸಮುದ್ರದ ಹರಿವಿಗೆ ಬಂದರು. ಹಿಂದಿನವರು ಎದ್ದು ಬೀಡಿ ಸೇದಲು ಹೋದರು. ಆಗ ಅವರು ಸುಣ್ಣದ ಕಡ್ಡಿ ಕೈಗೆತ್ತಿಕೊಂಡು, ಶಿಬಿರದವರು ನಿಲ್ಲಿಸಿದ್ದ ಹಲಗೆಯ ಕಡೆ ತಿರುಗಿ, ‘ಈಗ ನಮ್ಮ ಮನಿಯವ್ರನ್ನ ತಗೋರಿ’ ಎಂದರು.

ಬೀಡಿ ಸೇದಲು ಹೋದವರು ತಿರುಗಿ ಬಂದರು.

ಅಡ್ಡ ಗೆರೆಯ ಮೇಲೆ ದಿನಗಳು, ನಿಲುವು ಗೆರೆಯ ಮೇಲೆ ಸೂಗಮ್ಮನ ಸಿಟ್ಟು ಇಳಿಯಲು ಹಿಡಿದ ಹೊತ್ತು. ಟವೆಲ್ಲನ್ನು ಹೇಗೆ ಹಿಂಡುತ್ತಿದ್ದರು, ಎಲ್ಲಿ ಎಸೆಯುತ್ತಿದ್ದರು, ಚಹಾ ಎಲ್ಲಿಗೆ ಬರುತ್ತಿತ್ತು, ಒಂದನ್ನೂ ಬಿಡದೆ ವಿವರಿಸಿದರು. ಜನ ಹೊಟ್ಟೆ ಹಿಡಿದು ನಕ್ಕರು. ನಕ್ಕಷ್ಟೂ ಮೇಷ್ಟ್ರಿಗೆ ಹುರುಪು. ‘ಪಲ್ಟಿ ಆಗಾಕ ದಾರಿ ಮೂರು. ಮೆಲ್ಲಕ ಮೆಲ್ಲಕ ನೂಕಿ ತಳಾನ ಇಲ್ಲದಂಗ ಮಾಡೋದು ಒಂದು. ಸುಧಾರಿಸ್ಕೊಳ್ಳಾಕ ಬಿಡದಂಗ ಜಲ್ದಿ ಜಲ್ದಿ ನೂಕೋದು ಇನ್ನೊಂದು. ಮೂರನೇದು, ಅಂಚಿಗೆ ಬಂದು ನಿಂತಾಗ ಎಲ್ಲಿಂದರೆ ಒಂದು ಸಣ್ಣ ಧಕ್ಕಾ. ನಮ್ಮ ಮನಿಯವ್ರು ಈಗ ಅಂಚಿಗೆ ಬಂದು ನಿಂತಾರ.’

ಸೂಗಮ್ಮ ಎದ್ದು ನಿಂತಳು. ಸೆರಗು ಸರಿಮಾಡಿಕೊಂಡಳು. ಹಲಗೆಯ ಕಡೆ ಒಮ್ಮೆ ನೋಡಿ, ಹೆಣ್ಣುಮಕ್ಕಳ ಸಾಲು ದಾಟಿ, ಚಪ್ಪಲಿ ಹಾಕಿಕೊಂಡು, ಶಹಾಪುರದ ಕಡೆ ಹೊರಟಿದ್ದ ಟಂಟಂ ಹತ್ತಿದಳು. ಅಲ್ಲಿಂದ ಮನೆಗೆ ಹೋಗಲಿಲ್ಲ, ತವರೂರು ಕೆಂಭಾವಿಯ ಬಸ್ಸು ಹಿಡಿದಳು.

ಚನ್ನಯ್ಯನವರು ಪಾಠ ನಿಲ್ಲಿಸಲಿಲ್ಲ. ಇನ್ನೊಂದು ಭಾಗ ಉಳಿದಿತ್ತು, ಅದೇ ಮುಖ್ಯ ಭಾಗ. ‘ಈಗ ನೀವು ಕೇಳಬಹುದು, ಪಲ್ಟಿ ಆದ ಮ್ಯಾಲ ಟವೆಲ್ ಹಗ್ಗಕ್ಕ ಹಾಕಿದ್ರ ಎಲ್ಲಾ ಮೊದಲಿನಂಗ ಆಗ್ತದೇನು ಅಂತ. ಆಗಂಗಿಲ್ಲ. ಹೋದ ದಾರಿ ಬ್ಯಾರೆ, ತಿರುಗಿ ಬರೋ ದಾರಿ ಬ್ಯಾರೆ. ಯಾವ ಜಾಗದಾಗ ಪಲ್ಟಿ ಆಯಿತೋ ಆ ಜಾಗಕ್ಕ ಬಂದ್ರ ಸಾಲಂಗಿಲ್ಲ, ಅದಕ್ಕಿಂತ ಭಾಳ ಹಿಂದಕ್ಕ ಹೋಗಬೇಕು. ಅಲ್ಲೀತನಕ—’

ಅಲ್ಲಿಯತನಕ ಎಂದವರು ಮುಂದಿನ ಸಾಲಿನ ಖಾಲಿ ಜಾಗ ನೋಡಿದರು. ಸುಣ್ಣದ ಕಡ್ಡಿ ಹಲಗೆಗೆ ಒತ್ತಿ ಮುರಿಯಿತು. ಜನ ಚಪ್ಪಾಳೆ ತಟ್ಟಿದರು.

ಮರುದಿನದಿಂದ ಚನ್ನಯ್ಯನವರು ಟವೆಲ್ಲನ್ನು ಹಗ್ಗದ ಮೇಲೆ ಹಾಕಿದರು. ಎರಡೂ ಅಂಚು ಸಮ ಬರುವಂತೆ, ಕ್ಲಿಪ್ಪು ಹಚ್ಚಿ. ಅದರ ಫೋಟೊ ತೆಗೆದು ಹೆಂಡತಿಗೆ ಕಳಿಸಿದರು. ದಿನಾ ಕಳಿಸಿದರು. ಉತ್ತರ ಬರಲಿಲ್ಲ. ಸಿದ್ಧಾಂತ ಮತ್ತೊಮ್ಮೆ ಖರೆಯಾಯಿತು, ಆದರೆ ಈ ಸಲ ಖುಷಿ ಆಗಲಿಲ್ಲ. ಚಹಾ ತಾವೇ ಮಾಡಿಕೊಂಡು, ಕೈಯಲ್ಲಿ ಹಿಡಿದರೆ ಒಂದು ಸಂಕಟ, ಕಟ್ಟೆಯ ಮೇಲೆ ಇಟ್ಟರೆ ಇನ್ನೊಂದು ಸಂಕಟ. ಇತ್ತ ಊರಿನ ಜನ ಮನೆಗೆ ಬರತೊಡಗಿದರು. ಒಬ್ಬ ತನ್ನ ಹೆಂಡತಿಯ ಗೆರೆ ಹಾಕಿಕೊಡಿ ಎಂದ. ಖಾನಾವಳಿಯವನೊಬ್ಬ ಅಡುಗೆಯವನಿಗೆ ಇನ್ನೆಷ್ಟು ಬೈಯಬಹುದು ಅಂತ ಕೇಳಿದ. ಮತ್ತೊಬ್ಬ ಒದೆಯುವ ಎಮ್ಮೆಯನ್ನೇ ಹೊಡೆದುಕೊಂಡು ಬಂದ. ಎದುರು ಮನೆಯ ಫರ್ಹತ ಮಾತ್ರ ಒಂದು ತಾಟಿನಲ್ಲಿ ರೊಟ್ಟಿ ಪಲ್ಯ ತಂದಿಟ್ಟು, ‘ಸರ್, ಹೋಗಿ ಕರಕೊಂಡು ಬರ್ರಿ. ಇಲ್ಲಿ ಕುಂತು ಏನು ಮಾಡ್ತೀರಿ’ ಎಂದಳು.

ಹೋದರು. ಕೆಂಭಾವಿಯಲ್ಲಿ ಸೂಗಮ್ಮನ ತಮ್ಮ ಬಸವಕುಮಾರ ಕಿರಾಣಿ ಅಂಗಡಿ ಇಟ್ಟಿದ್ದ. ಓಣಿಯ ಹಿರಿಯ ಮರಿಲಿಂಗಪ್ಪನನ್ನೂ ಕರೆಸಿ, ಅಂಗಡಿಯ ಹಿಂದಿನ ಪಡಸಾಲೆಯಲ್ಲಿ ಕುಳಿತರು. ಸೂಗಮ್ಮ ಒಳಗೆ ಇದ್ದಳು, ಹೊರಗೆ ಬರಲಿಲ್ಲ. ಚನ್ನಯ್ಯನವರು ತಪ್ಪಾಯಿತು ಎಂದರು. ಅಷ್ಟಕ್ಕೇ ಬಿಟ್ಟಿದ್ದರೆ ಏನಾಗುತ್ತಿತ್ತೋ. ಆದರೆ ಮೇಷ್ಟ್ರಲ್ಲವೇ, ತಪ್ಪಾಯಿತು ಎಂದರೆ ಯಾಕೆ ಸಾಲುವುದಿಲ್ಲ ಎಂಬುದನ್ನೂ ಸೇರಿಸಿ ಹೇಳಿದರು. ತಿರುಗಿ ಬರುವ ದಾರಿ ಬೇರೆ, ಬಹಳ ಹಿಂದಕ್ಕೆ ಹೋಗಬೇಕು, ಎಷ್ಟು ಹಿಂದಕ್ಕೆ ಎಂಬುದೇ ತಿಳಿಯುತ್ತಿಲ್ಲ.

ಮರಿಲಿಂಗಪ್ಪ ಜೀವಮಾನವಿಡೀ ಗಂಡಹೆಂಡಿರ ತಕರಾರು ಬಗೆಹರಿಸಿದವನು. ಎಂಥೆಂಥ ಗಂಡಂದಿರನ್ನೋ ಕಂಡಿದ್ದ, ಇಂಥವನನ್ನು ಕಂಡಿರಲಿಲ್ಲ.

‘ಟವೆಲ್ಲಿಗಿಂತ ಹಿಂದಕ್ಕ ಹೋದ್ರ ಸಾಲದೇನ್ರಿ?’

‘ಸಾಲಂಗಿಲ್ರಿ. ನಾ ನಿವೃತ್ತ ಆಗಿ ಮನ್ಯಾಗ ಕುಂತಾಗಿಂದ ನೂಕು ಶುರು ಆಗಿತ್ತು ಕಾಣ್ತದ.’

‘ಹಂಗಾದ್ರ ಮತ್ತ ನೌಕರಿಗೆ ಹೋಗ್ರಿ.’

‘ತಗೊಳಂಗಿಲ್ರಿ.’

ಉಮಾಶ್ರೀ ಹುಟ್ಟುವ ಮೊದಲಿಗೆ ಹೋಗೋಣ ಎಂದು ಒಬ್ಬರು, ಶಹಾಪುರದಲ್ಲಿ ಮನೆ ಮಾಡುವ ಮೊದಲಿಗೆ ಎಂದು ಇನ್ನೊಬ್ಬರು. ಎತ್ತು ಏರಿಗೆ, ಕೋಣ ನೀರಿಗೆ. ಕಡೆಗೆ ಬಸವಕುಮಾರ ಬಗೆಹರಿಸಿದ, ‘ಮಾವಾರ, ಎಷ್ಟು ಹಿಂದ ಅಂತ ಗೊತ್ತಿಲ್ಲಂದ್ರ ಎಲ್ಲಾದಕ್ಕಿಂತ ಹಿಂದಕ್ಕ ಹೋಗಿಬಿಡೂಣು. ಸೋಮವಾರ ಬರ್ರಿ. ಹೆಣ್ಣು ನೋಡಾಕ ಬಂದಂಗ ಬರ್ರಿ. ನಾವು ತೋರಸ್ತೀವಿ, ನೀವು ಒಪ್ಪೀನಿ ಅನ್ರಿ, ಮಾತು ಪಕ್ಕಾ ಆತಂತ ಸಕ್ರಿ ಹಂಚಿ ಕಳಸ್ತೀವಿ.’

ಎಲ್ಲರಿಗೂ ಇದು ಪಸಂದಾಯಿತು. ಹಾವೂ ಸಾಯದು, ಕೋಲೂ ಮುರಿಯದು. ನಾಲ್ಕು ಜನ ನಗುತ್ತಾರೆ, ಆಕೆಯೂ ನಕ್ಕುಬಿಡುತ್ತಾಳೆ, ಸಂಜೆಯ ಬಸ್ಸಿಗೆ ಗಂಡಹೆಂಡಿರು ಹೊರಡುತ್ತಾರೆ. ಚನ್ನಯ್ಯನವರಿಗಂತೂ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಇದಕ್ಕಿಂತ ಹಿಂದಿನ ಬಿಂದು ಇರುವುದು ಸಾಧ್ಯವೇ ಇಲ್ಲ ಎಂದು ಅವರ ಗಣಿತವೂ ಹೇಳಿತು.

ಸೋಮವಾರ ಚನ್ನಯ್ಯನವರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಹಣೆಗೆ ವಿಭೂತಿ ಹಚ್ಚಿ, ಕೈಯಲ್ಲಿ ಹಣ್ಣು ಹೂವು ಹಿಡಿದು ಬಂದರು. ಗಂಡಿನ ಕಡೆಯಿಂದ ಯಾರಾದರೂ ಬೇಕಲ್ಲ, ಉಮಾಶ್ರೀ ರಜೆ ಹಾಕಿ ಬಂದಳು. ಅವ್ವನನ್ನು ಅಪ್ಪನಿಗೆ ನೋಡಲು ಬಂದ ಮಗಳು ಕೆಂಭಾವಿಯ ಚರಿತ್ರೆಯಲ್ಲಿ ಅವಳೊಬ್ಬಳೇ ಇರಬೇಕು. ಚಾಪೆ ಹಾಸಿದ್ದರು. ಓಣಿಯವರು ಬಾಗಿಲಲ್ಲಿ, ಕಿಟಕಿಯಲ್ಲಿ ತುಂಬಿಕೊಂಡರು.

‘ಹುಡುಗ ಏನು ಮಾಡ್ಕೊಂಡಾನ?’ ಎಂದು ಮರಿಲಿಂಗಪ್ಪ ಗಂಭೀರವಾಗಿ ಕೇಳಿದ.

‘ಪೆನ್ಷನ್ ಬರ್ತದ್ರಿ’ ಎಂದಳು ಉಮಾಶ್ರೀ.

ಸೂಗಮ್ಮ ತಾಟು ಹಿಡಿದು ಬಂದಳು. ಚೂಡಾ, ಶೇಂಗಾ ಉಂಡಿ, ಚಹಾ. ಎಲ್ಲರ ಮುಂದೆಯೂ ಇಟ್ಟಳು, ಎದುರಿಗೆ ಕುಳಿತಳು. ಆಕೆ ನಗುತ್ತಿಲ್ಲ ಎಂಬುದು ಚನ್ನಯ್ಯನವರಿಗೆ ಕೂಡಲೇ ಕಂಡಿತು. ಬೇರೆ ಯಾರಿಗೂ ಕಂಡಂತಿರಲಿಲ್ಲ. ಈ ಹೆಣ್ಣುಮಗಳು ಇಲ್ಲದೆ ತನಗೆ ಬದುಕಲು ಬರುವುದಿಲ್ಲ ಎಂದು ಅವರಿಗೆ ಅಲ್ಲಿ, ಅಷ್ಟು ಜನರ ನಡುವೆ ಕುಳಿತಾಗ ತಿಳಿಯಿತು.

‘ಈಗಿನ ರಿವಾಜ ಹೆಂಗದಂದ್ರ’ ಎಂದ ಬಸವಕುಮಾರ ನಗುತ್ತ, ‘ಹುಡುಗಿನೂ ಏನರೆ ಕೇಳೋದಿದ್ರ ಕೇಳಬಹುದು. ಕೇಳಕ್ಕಾ.’

ಸೂಗಮ್ಮ ಗಂಡನ ಕಡೆ ತಿರುಗಿದಳು. ‘ನನ್ನ ಸಿಟ್ಟು ಇಳ್ಯಾಕ ತಡಾ ಆಗಾಕತ್ತದ ಅಂತ ನಿಮಗ ಗೊತ್ತಾಗಿತ್ತು?’

‘ಗೊತ್ತಾಗಿತ್ತು.’

‘ತಡಾ ಆದ್ರ ಏನಾಗ್ತದ ಅನ್ನೋದೂ ಗೊತ್ತಿತ್ತು?’

‘ಗೊತ್ತಿತ್ತು.’

‘ಗೊತ್ತಾದ ಮ್ಯಾಲ ಏನು ಮಾಡಿದ್ರಿ?’

ಚನ್ನಯ್ಯನವರು ಸುಳ್ಳು ಹೇಳಿ ಗೊತ್ತಿಲ್ಲದ ಮನುಷ್ಯ. ‘ಖರೇ ಏನು ಅಂತ ನೋಡಾಕ ಇನ್ನೊಮ್ಮೆ ಟವೆಲ್ ಹಾಕಿದೆ’ ಎಂದರು.

ಕಿಟಕಿಯಲ್ಲಿದ್ದವರು ನಕ್ಕರು. ಉಮಾಶ್ರೀ ತಲೆ ತಗ್ಗಿಸಿದಳು. ಮಾತು ಎತ್ತಲೋ ಹೊರಟಿತೆಂದು ಮರಿಲಿಂಗಪ್ಪ ಗಡಬಡಿಸಿ ಶಾಸ್ತ್ರ ಮುಗಿಸಲು ನೋಡಿದ. ‘ಇರಲಿ ಇರಲಿ. ಹುಡುಗ ಒಪ್ಪ್ಯಾನ. ಹುಡುಗಿ ಒಪ್ಪಿಗಿ ಅದ ಏನವಾ?’ ಎಂದು ಕೇಳಿ, ಉತ್ತರ ಬರುವ ಮೊದಲೇ ಸಕ್ಕರೆ ಬಟ್ಟಲಿಗೆ ಕೈ ಚಾಚಿದ.

‘ಆವಾಗ ಈ ಮಾತು ನನಗ ಯಾರೂ ಕೇಳಿರಲಿಲ್ಲ’ ಎಂದಳು ಸೂಗಮ್ಮ. ದನಿ ಎತ್ತರಿಸಲಿಲ್ಲ. ‘ನಾ ಒಳಗ ರೊಟ್ಟಿ ಬಡ್ಯಾಕತ್ತಿದ್ದೆ. ಹೊರಗ ಸಕ್ರಿ ಹಂಚಿದ್ರು. ನನಗೂ ಒಂದು ಚಿಟಿಕಿ ತಂದು ಕೊಟ್ರು, ತಿಂದೆ. ಈಗ ಕೇಳೀರಿ, ಅದಕ್ಕ ಹೇಳಾಕತ್ತೇನಿ. ನಾ ಒಲ್ಲೆ.’

ಮರಿಲಿಂಗಪ್ಪನ ಕೈ ಬಟ್ಟಲಲ್ಲೇ ಉಳಿಯಿತು. ‘ಚಾಷ್ಟಿ ಮಾಡಬ್ಯಾಡವಾ’ ಎಂದ. ‘ಚಾಷ್ಟಿ ನೀವು ಮಾಡಾಕ ಕುಂತೀರಿ’ ಎಂದಳು ಆಕೆ. ಆಟ ಹೂಡಿದವರು ತಾವೇ, ಹೆಣ್ಣು ಒಲ್ಲೆ ಎಂದರೆ ಗಂಡಿನ ಕಡೆಯವರು ಎದ್ದು ಹೋಗಬೇಕು ಎಂಬುದು ಓಣಿಗೆಲ್ಲ ಗೊತ್ತಿದ್ದ ರಿವಾಜು. ಕಿಟಕಿಯಿಂದ ಜನ ಒಬ್ಬೊಬ್ಬರೇ ಸರಿದರು.

ಚನ್ನಯ್ಯನವರು ಎದ್ದರು. ಹಿಂದಕ್ಕೆ ಹಿಂದಕ್ಕೆ ಹೋದರೆ ಆಕೆ ತನ್ನನ್ನು ಒಪ್ಪಿದ್ದ ಒಂದು ಜಾಗ ಸಿಗುತ್ತದೆ ಎಂದು ನಂಬಿ ಬಂದಿದ್ದರು. ಅಂಥ ಜಾಗ ಇರಲೇ ಇಲ್ಲ. ಮೂವತ್ತು ವರ್ಷಕ್ಕೂ ಹೆಚ್ಚಿನ ಸಂಸಾರ ಆಕೆ ತನ್ನಷ್ಟಕ್ಕೆ ತಾನು ಹೊತ್ತು ನಡೆಸಿದ್ದು, ಅದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಅವರಿಗೆ ನಾಚಿಕೆಯಾಯಿತು. ಬಾಗಿಲತನಕ ಹೋದವರು ನಿಂತರು. ಮರಿಲಿಂಗಪ್ಪನ ಕಡೆಗಾಗಲಿ, ಬಸವಕುಮಾರನ ಕಡೆಗಾಗಲಿ ನೋಡಲಿಲ್ಲ.

‘ಮತ್ತ ಕೇಳಾಕ ಬರಲೇನು?’ ಎಂದು ಆಕೆಯನ್ನೇ ಕೇಳಿದರು.

ಸೂಗಮ್ಮ ತಾಟುಗಳನ್ನು ಒಂದರ ಮೇಲೊಂದು ಇಡುತ್ತಿದ್ದವಳು ತಲೆಯೆತ್ತಿದಳು.

‘ಬರ್ರಿ’ ಎಂದಳು. ‘ಹೂಂ ಅಂತೀನಿ ಅಂತ ಮಾತ್ರ ತಿಳ್ಕೊಂಡು ಬರಬ್ಯಾಡ್ರಿ.’